ಫೋರ್ಡ್ ಮಾಡೆಲ್ ಟಿ ಕಾರಿಗೆ ಹೊಂದುವ ಬಿಡಿಭಾಗ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಒಂದೇ ತರ ಶುರುವಾಗುತ್ತವೆ. "ಸಾರ್, ತಾತನ ಕಾಲದ ಫೋರ್ಡ್ ಇದೆ. ಕೊಟ್ಟಿಗೇಲಿ ನಿಂತಿತ್ತು. ಸ್ಪೇರ್ ಎಲ್ಲಿ ಸಿಗುತ್ತೆ?" ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳಿ ಹೇಳಿ ಸಾಕಾಗಿ, ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಹೆಚ್ಚಿನ ಮಾತು ಮಾಡೆಲ್ ಟಿ ಬಗ್ಗೆ. ನನ್ನ ಕೈ ಕಪ್ಪಾಗಿದ್ದು ಅದರಲ್ಲೇ. ಬೇರೆ ಕಾರಿನವರಿಗೆ ಕೊನೆಯ ಹತ್ತಿರ ಒಂದು ಪ್ರಶ್ನೆ ಇದೆ.

ಕಾರು ಸಿಕ್ಕಿದೆ. ಯಾವ ಸ್ಪೇರ್ ಮೊದಲು ಆರ್ಡರ್ ಮಾಡಲಿ?

ಯಾವುದನ್ನೂ ಮಾಡಬೇಡಿ. ಮೊದಲ ಒಂದು ತಿಂಗಳು ಜೇಬಿಗೆ ಕೈ ಹಾಕಬೇಡಿ. ನಿಮ್ಮ ಹತ್ತಿರ ಇರುವುದು ಯಾವ ಕಾರು ಅಂತ ತಿಳಿದುಕೊಳ್ಳಿ. ಇದು ಸುಮ್ನೆ ಹೇಳುವ ಮಾತಲ್ಲ. ನೂರು ವರ್ಷದ ಕಾರು ಅಂದರೆ ನೂರು ವರ್ಷದ ರಿಪೇರಿ. 1917ರ ಚಾಸಿ, 1924ರ ಎಂಜಿನ್, 1926ರ ಹಿಂದಿನ ಆಕ್ಸಲ್ ಒಂದೇ ಕಾರಿನಲ್ಲಿ ಕೂತಿರಬಹುದು. ಆಗಿನ ಮೆಕ್ಯಾನಿಕ್‌ಗೆ ಕಾರು ಓಡಬೇಕಿತ್ತು, ಅಷ್ಟೇ.

ಬಿಡಿಭಾಗ ವರ್ಷಕ್ಕೆ ಹೊಂದುವುದಿಲ್ಲ, ಪಕ್ಕದಲ್ಲಿರುವ ಭಾಗಕ್ಕೆ ಹೊಂದಬೇಕು. ಹಾಗಾಗಿ "1924ಕ್ಕೆ ಬೇಕು" ಅಂತ ಕೇಳುವುದಕ್ಕಿಂತ "ಇದು ಇದರ ಮೇಲೆ ಕೂರಬೇಕು, ಅಳತೆ ಇಷ್ಟು" ಅಂತ ಕೇಳಿ. ಮಾರುವವನೂ ನಿಮ್ಮನ್ನು ಬೇರೆ ತರ ಮಾತಾಡಿಸುತ್ತಾನೆ.

ಆರ್‌ಸಿಯಲ್ಲಿ ವರ್ಷ ಬರೆದಿದೆಯಲ್ಲ, ಅದು ಸಾಲದಾ?

ಸಾಲದು. ಅನೇಕ ಹಳೆ ಕಾಗದಗಳಲ್ಲಿರುವುದು ಕಾರು ಇಲ್ಲಿ ನೋಂದಣಿಯಾದ ವರ್ಷ. ಎರಡನೇ ಸಲ ಪುಸ್ತಕ ಮಾಡಿಸುವಾಗ ಗುಮಾಸ್ತರು ಅಂದಾಜಿಗೆ ಬರೆದಿದ್ದೂ ಇದೆ.

ಎಂಜಿನ್ ನಂಬರ್ ನೋಡಿ. ಮಾಡೆಲ್ ಟಿಯಲ್ಲಿ ಅದು ಎಂಜಿನ್ನಿನ ಎಡಗಡೆ, ರೇಡಿಯೇಟರ್‌ನಿಂದ ನೀರು ಒಳಗೆ ಬರುವ ಜಾಗದ ಸ್ವಲ್ಪ ಮೇಲೆ, ಉಬ್ಬಿಸಿದ ಸಣ್ಣ ಪಟ್ಟಿಯ ಮೇಲೆ ಒತ್ತಿರುತ್ತದೆ. ಮೇಲೆ ನಾಲ್ಕೈದು ಪದರ ಬಣ್ಣ ಇರುತ್ತದೆ. ಉಜ್ಜುವ ಕಾಗದ ಹಿಡಿಯಬೇಡಿ, ಅಂಕಿಯೇ ಸವೆದುಹೋಗುತ್ತದೆ. ಪೇಂಟ್ ರಿಮೂವರ್ ಹಚ್ಚಿ, ಹಲ್ಲುಜ್ಜುವ ಹಳೇ ಬ್ರಷ್‌ನಲ್ಲಿ ತಿಕ್ಕಿ. ಆಮೇಲೆ ಸೀಮೆಸುಣ್ಣ ಸವರಿ ಬಟ್ಟೆಯಲ್ಲಿ ಒರೆಸಿ. ಗುಂಡಿಯಲ್ಲಿ ಸುಣ್ಣ ಉಳಿದು ಅಂಕಿ ಬೆಳ್ಳಗೆ ಎದ್ದು ಕಾಣುತ್ತದೆ.

ಇದರ ಜೊತೆ ಅನೇಕ ಬ್ಲಾಕ್‌ಗಳ (ಎಂಜಿನ್ನಿನ ಎರಕದ ಮೈ) ಪಕ್ಕದಲ್ಲಿ ಎರಕ ಹೊಯ್ದ ದಿನಾಂಕವೂ ಇರುತ್ತದೆ. ಅಮೆರಿಕದ ಲೆಕ್ಕ, ಮೊದಲು ತಿಂಗಳು, ಆಮೇಲೆ ದಿನ, ಕೊನೆಗೆ ವರ್ಷ. ನಂಬರಿಗೂ ದಿನಾಂಕಕ್ಕೂ ತಾಳೆ ಬರದಿದ್ದರೆ ಗಾಬರಿ ಬೇಡ. ಬದಲಿ ಬ್ಲಾಕ್ ನಂಬರಿಲ್ಲದೆ ಮಾರಾಟವಾಗುತ್ತಿತ್ತು. ಡೀಲರ್ ಅದರ ಮೇಲೆ ಹಳೆ ನಂಬರನ್ನೇ ಒತ್ತುತ್ತಿದ್ದ. ಅಂಥ ಕಡೆ ಬಿಡಿಭಾಗಕ್ಕೆ ಎರಕದ ದಿನಾಂಕವನ್ನು ನಂಬಿ, ಕಾಗದಕ್ಕೆ ನಂಬರನ್ನು ನಂಬಿ.

ನಂಬರಿನ ಶುರುವಿನಲ್ಲಿ 'ಸಿ' ಅಂತ ಇದೆ. ಏನದು?

ಕೆನಡಾ. ನಮ್ಮ ಕಡೆ ಸಿಗುವ ಮಾಡೆಲ್ ಟಿಗಳಲ್ಲಿ ತಿಳಿದಿರಲೇಬೇಕಾದ ವಿಷಯ ಇದು. ಇದು ಗೊತ್ತಿಲ್ಲದೆ ದುಡ್ಡು ಕಳೆದುಕೊಂಡವರು ಬಹಳ. ಅದರಲ್ಲಿ ನಾನೂ ಒಬ್ಬ.

ಬ್ರಿಟನ್ ಬಿಟ್ಟು ಬ್ರಿಟಿಷ್ ಸಾಮ್ರಾಜ್ಯದ ಮಿಕ್ಕ ದೇಶಗಳ ಮಾರುಕಟ್ಟೆ ಫೋರ್ಡ್ ಕೆನಡಾ ಕಂಪನಿಯ ಪಾಲಿಗೆ ಬಂದಿತ್ತು. ಆ ಕಂಪನಿ 1904ರಲ್ಲಿ ಒಂಟಾರಿಯೊದ ವಾಕರ್‌ವಿಲ್‌ನಲ್ಲಿ ಶುರುವಾಯಿತು. ಡೆಟ್ರಾಯಿಟ್‌ನಿಂದ ನದಿ ದಾಟಿದರೆ ಆಚೆ ದಡ. ಭಾರತ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳಿಗೆ ಬಲಗಡೆ ಸ್ಟೀರಿಂಗ್ ಇರುವ ಕಾರು ಹೋಗಿದ್ದು ಅಲ್ಲಿಂದ. 1926ರಲ್ಲಿ ಭಾರತದಲ್ಲಿ ಶುರುವಾದ ಫೋರ್ಡ್ ಕಂಪನಿಯೂ ಕೆನಡಾ ಕಂಪನಿಯ ಕೂಸೇ.

ಎಂಜಿನ್ ಒಳಗೆ ದೊಡ್ಡ ವ್ಯತ್ಯಾಸ ಇಲ್ಲ. ಪಿಸ್ಟನ್, ವಾಲ್ವ್, ಬ್ಯಾಂಡ್ (ಟ್ರಾನ್ಸ್‌ಮಿಷನ್ ಡ್ರಮ್ ಹಿಡಿಯುವ ಪಟ್ಟಿ), ಕಾಯಿಲ್ (ಪ್ಲಗ್‌ಗೆ ಕಿಡಿ ಕೊಡುವ ತಂತಿ ಸುರುಳಿ) ಎಲ್ಲ ಅಮೆರಿಕದ ಅಂಗಡಿಯಿಂದ ತರಿಸಿದರೂ ಕೂರುತ್ತವೆ. ತೊಂದರೆ ಇರುವುದು ಸ್ಟೀರಿಂಗ್ ಕಡೆ ಮತ್ತು ಬಾಡಿಯಲ್ಲಿ. ಸ್ಟೀರಿಂಗ್ ಕಾಲಮ್ ಕೂರಿಸುವ ಬ್ರ್ಯಾಕೆಟ್, ಎಂಜಿನ್ನಿಗೂ ಕಾಲಿಗೂ ನಡುವಿನ ಮರದ ಹಲಗೆ, ಹ್ಯಾಂಡ್‌ಬ್ರೇಕ್ ಸರಂಜಾಮು, ಇವು ಬಲಗಡೆಯವೇ ಬೇಕು. ನಾನು ಮೊದಲ ಸಲ ಕ್ಯಾಟಲಾಗ್ ನೋಡಿ ಆ ಹಲಗೆ ತರಿಸಿದೆ. ಒಳ್ಳೆ ಪಾಲಿಶ್, ನೀಟಾದ ಕೆಲಸ. ಪೆಟ್ಟಿಗೆ ಬಿಚ್ಚಿದರೆ ತೂತುಗಳೆಲ್ಲ ಎಡಗಡೆ! ತಿರುಗಿಸಿ ಹಾಕೋಣ ಅಂದರೆ ಕಾಯಿಲ್ ಬಾಕ್ಸಿನ ತೂತು ತಪ್ಪುತ್ತದೆ. ಕೊನೆಗೆ ಅದನ್ನೇ ಅಚ್ಚು ಮಾಡಿಕೊಂಡು ಊರಿನ ಬಡಗಿ ಹತ್ತಿರ ತೇಗದಲ್ಲಿ ಹೊಸದು ಮಾಡಿಸಿದೆ. ಅಮೆರಿಕದ ಹಲಗೆ ಈಗ ನಮ್ಮ ಶೆಡ್ಡಿನಲ್ಲಿ ಕೀ ನೇತುಹಾಕುವ ಬೋರ್ಡು.

ಬಾಗಿಲು ಇನ್ನೊಂದು. 1925ರವರೆಗಿನ ಅಮೆರಿಕದ ಟೂರಿಂಗ್ ಬಾಡಿಯಲ್ಲಿ (ಮಡಚುವ ಟಾಪಿನ ತೆರೆದ ಕಾರು) ಮುಂದೆ ಎಡಗಡೆ ಬಾಗಿಲೇ ಇಲ್ಲ. ತಗಡಿನ ಮೇಲೆ ಬಾಗಿಲಿನ ಆಕಾರ ಒತ್ತಿರುತ್ತಾರೆ, ಅಷ್ಟೇ. ಕೆನಡಾದವರು ಎರಡೂ ಕಡೆಯ ಸ್ಟೀರಿಂಗ್‌ಗೆ ಕಾರು ಕಟ್ಟುತ್ತಿದ್ದರು, ಹಾಗಾಗಿ ಎರಡೂ ಕಡೆ ತೆರೆಯುವ ಬಾಗಿಲು ಇಟ್ಟರು. ಬಾಡಿಯ ತಗಡು ತರಿಸುವ ಮುಂಚೆ ಇದು ನೆನಪಿರಲಿ.

ಇನ್ನೊಂದು ಗುರುತು ನನಗೆ ಬಹಳ ಇಷ್ಟ. ಬಾಡಿಯ ಮರದಲ್ಲಿರುವ ಸ್ಕ್ರೂ ತಲೆ ನೋಡಿ. ಚೌಕಾಕಾರದ ಗುಂಡಿ ಇದ್ದರೆ ಅದು ರಾಬರ್ಟ್‌ಸನ್ ಸ್ಕ್ರೂ, ಕೆನಡಾದವನೇ ಕಂಡುಹಿಡಿದದ್ದು. ಅಲ್ಲಿನ ಫೋರ್ಡ್ ಬಾಡಿಗಳಲ್ಲಿ ಅದನ್ನು ಧಾರಾಳವಾಗಿ ಬಳಸಿದ್ದಾರೆ. ನಮ್ಮ ಮೆಕ್ಯಾನಿಕ್‌ಗಳು ಅದಕ್ಕೆ ಚಪ್ಪಟೆ ಸ್ಕ್ರೂಡ್ರೈವರ್ ತುರುಕಿ ತಲೆ ಹಾಳು ಮಾಡಿರುತ್ತಾರೆ. ಒಂದಾದರೂ ಚೆನ್ನಾಗಿ ಉಳಿದಿದ್ದರೆ ಕಾಪಾಡಿ. ಆ ಸ್ಕ್ರೂ ಕೆನಡಾದಲ್ಲಿ ಈಗಲೂ ಮಾಮೂಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ.

ಹತ್ತೊಂಬತ್ತು ವರ್ಷ ಒಂದೇ ಮಾಡೆಲ್ ಅಲ್ವಾ? ಎಲ್ಲದಕ್ಕೂ ಎಲ್ಲ ಹೊಂದಬೇಕಲ್ಲ?

ಹೆಸರು ಒಂದೇ. 1908ರ ಅಕ್ಟೋಬರ್‌ನಿಂದ 1927ರ ಮೇವರೆಗೆ ಸುಮಾರು ಒಂದೂವರೆ ಕೋಟಿ ಕಾರು. ಎಂಜಿನ್ ಅಳತೆ ಕೊನೆತನಕ ಅದೇ: ನಾಲ್ಕು ಸಿಲಿಂಡರ್, ಮೂರೂ ಮುಕ್ಕಾಲು ಇಂಚು ಬೋರ್, ನಾಲ್ಕು ಇಂಚು ಸ್ಟ್ರೋಕ್, 20 ಅಶ್ವಶಕ್ತಿ. ಇದೇ ಜನರನ್ನು ಮೋಸ ಮಾಡುವುದು. ಸುತ್ತಲಿನದು ಸದ್ದಿಲ್ಲದೆ ಬದಲಾಗುತ್ತಾ ಹೋಯಿತು.

ಒಂದು ಉದಾಹರಣೆ ಹಿಡಿಯೋಣ. 1915ರ ಎಂಜಿನ್ನಿಗೆ ಸೆಲ್ಫ್ ಸ್ಟಾರ್ಟರ್ ಹಾಕಬೇಕು ಅಂತ ಒಬ್ಬರು ಬಂದರು. ಸ್ಟಾರ್ಟರ್ ಮೋಟಾರ್ ಅಗ್ಗಕ್ಕೆ ಸಿಕ್ಕಿತ್ತು, ಕೈಯಲ್ಲೇ ಹಿಡಿದುಕೊಂಡಿದ್ದರು. ಫೋರ್ಡ್ ಸ್ಟಾರ್ಟರ್ ಕೊಟ್ಟಿದ್ದು 1919ರಲ್ಲಿ. ಅದು ಕೂರಬೇಕಾದರೆ ಟ್ರಾನ್ಸ್‌ಮಿಷನ್ ಕವರ್‌ನಲ್ಲಿ ಜಾಗ ಇರಬೇಕು. ಹಳೇ ಕವರ್‌ನಲ್ಲಿ ಇಲ್ಲ. ಕವರ್ ಬದಲಿಸಿದರೆ ಸ್ಟಾರ್ಟರ್ ಕಚ್ಚಲು ಫ್ಲೈವ್ಹೀಲ್ ಮೇಲೆ ಹಲ್ಲಿನ ರಿಂಗ್ ಬೇಕು. ಅದೂ ಇಲ್ಲ. ಬ್ಯಾಟರಿ ಚಾರ್ಜ್ ಆಗಬೇಕಲ್ಲ, ಜನರೇಟರ್ ಬೇಕು. ಅದನ್ನು ಕೂರಿಸಲು ಹಳೇ ಬ್ಲಾಕಿನ ಮುಂಭಾಗದಲ್ಲಿ ಏರ್ಪಾಡಿಲ್ಲ. ಒಂದು ಅಗ್ಗದ ಮೋಟಾರ್ ಹಿಂದೆ ಹೋಗಿ ಎಂಜಿನ್ನನ್ನೇ ಬದಲಿಸುವ ಕಥೆ. ಅವರಿಗೆ ಹ್ಯಾಂಡಲ್ ತಿರುಗಿಸುವುದು ಕಲಿಸಿಕೊಟ್ಟೆ.

ಹೀಗೆ ಸರಪಳಿ ಎಲ್ಲೆಲ್ಲಿ ಅಂತ ಗೊತ್ತಿದ್ದರೆ ಸಾಕು. 1916ರವರೆಗೆ ಹಿತ್ತಾಳೆ ರೇಡಿಯೇಟರ್, 1917ರಿಂದ ಕಪ್ಪು ತಗಡಿನ ಕವಚ. ಆಗಲೇ ಸಿಲಿಂಡರ್ ಹೆಡ್ಡಿನ ಎತ್ತರವೂ ಹೆಚ್ಚಾಯಿತು, ಬಾನೆಟ್ ಆಕಾರವೂ ಬದಲಾಯಿತು. ಹೆಡ್, ರೇಡಿಯೇಟರ್, ಬಾನೆಟ್ ಮೂರನ್ನೂ ಒಂದೇ ಗುಂಪು ಅಂತ ನೋಡಿ. 1926, 1927ರ ಕಾರುಗಳಲ್ಲಿ ಟ್ರಾನ್ಸ್‌ಮಿಷನ್ನಿನ ಬ್ರೇಕ್ ಡ್ರಮ್ ಅಗಲವಾಯಿತು. ಹಳೆಯದಕ್ಕೆ ಒಂದೂಕಾಲು ಇಂಚಿಗೂ ಕಡಿಮೆ ಅಗಲದ ಪಟ್ಟಿ ಸಾಕಾದರೆ ಇದಕ್ಕೆ ಒಂದೂ ಮುಕ್ಕಾಲು ಇಂಚು ಬೇಕು. ಲೈನಿಂಗ್ ಆರ್ಡರ್ ಮಾಡುವ ಮೊದಲು ಕವರ್ ಬಿಚ್ಚಿ ಅಳೆಯಿರಿ. ಬಾಡಿ ನೋಡಿ ಊಹೆ ಮಾಡಬೇಡಿ.

ತೀರಾ ಮೊದಲಿನ ಕಾರುಗಳ ಮಾತೇ ಬೇರೆ. ಮೊದಲ 2,500ರಷ್ಟು ಕಾರಿಗೆ ನೀರಿನ ಪಂಪ್ ಇತ್ತು. ಆಮೇಲಿನವಕ್ಕೆ ಅದಿಲ್ಲ, ಬಿಸಿ ನೀರು ತಾನಾಗಿ ಮೇಲೇರಿ ತಣ್ಣಗಾಗಿ ಇಳಿಯುತ್ತದೆ. ನಿಮ್ಮ ಹತ್ತಿರ ಪಂಪ್ ಇರುವ ಮೂಲ ಎಂಜಿನ್ ಇದ್ದರೆ ಸ್ಪೇರ್ ಹುಡುಕುವ ಮೊದಲು ಬಾಗಿಲಿಗೆ ಒಳ್ಳೆ ಬೀಗ ಹಾಕಿ.

ಬೋಲ್ಟ್ ನಮ್ಮ ಅಂಗಡಿಯಲ್ಲೇ ಸಿಗುತ್ತಲ್ಲ? ಇಂಚಿನದು ಅಂದರೆ ಕೊಡುತ್ತಾರೆ.

ಇಲ್ಲೇ ಎಡವುವುದು. "ಇಂಚಿನದು" ಅಂತ ಒಂದೇ ಜಾತಿ ಇಲ್ಲ. ಬ್ರಿಟಿಷರ ವಿಟ್ವರ್ತ್ ಥ್ರೆಡ್ ಒಂದು, ಅಮೆರಿಕದ್ದು ಇನ್ನೊಂದು. ನಮ್ಮ ದೇಶದಲ್ಲಿ ಮೀಟರ್ ಪದ್ಧತಿ ಬರುವ ಮೊದಲು ಬಜಾರಿನಲ್ಲಿ ತುಂಬಿದ್ದದ್ದು ವಿಟ್ವರ್ತ್. ಫೋರ್ಡ್‌ನದು ಅಮೆರಿಕದ ಥ್ರೆಡ್. ಹಲ್ಲಿನ ಕೋನ ವಿಟ್ವರ್ತ್‌ಗೆ 55 ಡಿಗ್ರಿ, ಅಮೆರಿಕದ್ದಕ್ಕೆ 60 ಡಿಗ್ರಿ. ಕಾಲಿಂಚು, ಮೂರೆಂಟಾಂಶ ಇಂಚಿನ ದಪ್ಪ ಥ್ರೆಡ್‌ಗಳಲ್ಲಿ ಇಂಚಿಗೆ ಹಲ್ಲಿನ ಲೆಕ್ಕ ಎರಡರಲ್ಲೂ ಒಂದೇ. ಹಾಗಾಗಿ ಒಂದರೊಳಗೆ ಒಂದು ಹೋಗಿಬಿಡುತ್ತದೆ. ಸರಿಯಾಗಿ ಕಚ್ಚುವುದಿಲ್ಲ, ಅದು ಗೊತ್ತೂ ಆಗುವುದಿಲ್ಲ. ಅರ್ಧ ಇಂಚಿನಲ್ಲಿ ಮಾತ್ರ ಬಣ್ಣ ಬಯಲು: ವಿಟ್ವರ್ತ್‌ಗೆ ಇಂಚಿಗೆ 12 ಹಲ್ಲು, ಅಮೆರಿಕದ್ದಕ್ಕೆ 13.

ನಮ್ಮ ಲೇತ್ ಶಾಪಿನಲ್ಲಿ ಇದೇ ಅರ್ಧ ಇಂಚಿನ ಬೋಲ್ಟ್ ಎರಡು ಸುತ್ತು ಕೈಯಲ್ಲೇ ಹೋಯಿತು. ಮೂರನೆಯದಕ್ಕೆ ಬಿಗಿಯಾಯಿತು. "ತುಕ್ಕು ಸಾರ್" ಅಂದ ಹುಡುಗ ಎರಡಡಿ ಪೈಪನ್ನು ಸ್ಪ್ಯಾನರ್‌ಗೆ ಸಿಕ್ಕಿಸಿ ಎಳೆದ. ಟಕ್ ಅಂತ ಸದ್ದು. ಎರಕದ ಬ್ರ್ಯಾಕೆಟ್ ಎರಡು ತುಂಡು. ತಪ್ಪು ನನ್ನದೂ ಹೌದು. ಥ್ರೆಡ್ ಗೇಜ್ ನನ್ನ ಜೇಬಿನಲ್ಲೇ ಇತ್ತು.

ಸ್ಪಾರ್ಕ್ ಪ್ಲಗ್ ವಿಷಯವೂ ಹಾಗೇ. ಮಾಡೆಲ್ ಟಿ ಪ್ಲಗ್‌ನ ಥ್ರೆಡ್ ಅರ್ಧ ಇಂಚಿನ ಪೈಪ್ ಥ್ರೆಡ್, ನಲ್ಲಿಯ ತರ ತುದಿಗೆ ಸಣ್ಣದಾಗುತ್ತಾ ಹೋಗುತ್ತದೆ. ಇವತ್ತಿನ ಯಾವ ಪ್ಲಗ್ಗೂ ನೇರವಾಗಿ ಹೋಗುವುದಿಲ್ಲ. ಸರಿಯಾದದ್ದನ್ನೇ ತರಿಸಿ. ಹೆಡ್ಡಿನಲ್ಲಿ ಹೊಸ ಥ್ರೆಡ್ ಕೊರೆಸುವ ಬುದ್ಧಿವಂತಿಕೆ ಬೇಡ.

ಓಡಿಸುವ ಮುಂಚೆ ಬದಲಿಸಲೇಬೇಕಾದ ಭಾಗ ಒಂದು ಹೇಳಿ ಅಂದರೆ?

ಹಿಂದಿನ ಆಕ್ಸಲ್ ಒಳಗಿನ ಥ್ರಸ್ಟ್ ವಾಷರ್. ಎರಡನೇ ಯೋಚನೆಯೇ ಇಲ್ಲ.

ಡಿಫರೆನ್ಷಿಯಲ್‌ನ (ಎಂಜಿನ್ ಶಕ್ತಿಯನ್ನು ಹಿಂದಿನ ಎರಡೂ ಚಕ್ರಕ್ಕೆ ಹಂಚುವ ಗೇರ್ ಗುಂಪು) ಎರಡೂ ಪಕ್ಕದಲ್ಲಿ ಅದನ್ನು ಜಾಗದಲ್ಲಿ ಹಿಡಿದಿಡುವ ವಾಷರ್‌ಗಳಿವೆ. ಮೂಲದಲ್ಲಿ ಅವು ಬ್ಯಾಬಿಟ್‌ನವು, ನಮ್ಮವರು ವೈಟ್ ಮೆಟಲ್ ಅನ್ನುತ್ತಾರೆ. ವಯಸ್ಸಾದ ಮೇಲೆ ಅದು ಹಳೇ ಬಿಸ್ಕತ್ತಿನ ಹಾಗೆ ಪುಡಿಯಾಗುತ್ತದೆ. ಆಗ ದೊಡ್ಡ ಗೇರ್ ಪಕ್ಕಕ್ಕೆ ಸರಿದು, ಎಂಜಿನ್ ಕಡೆಯಿಂದ ಬರುವ ಸಣ್ಣ ಗೇರ್‌ನ ಕೈ ಬಿಡುತ್ತದೆ. ಕಾರು ನಿಂತುಹೋದರೆ ಪರವಾಗಿಲ್ಲ. ಆದರೆ ಮಾಡೆಲ್ ಟಿಯ ಕಾಲಿನ ಬ್ರೇಕ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಮಿಷನ್ ಒಳಗೆ. ಗೇರ್ ಬಿಟ್ಟಿತು ಅಂದರೆ ಬ್ರೇಕೂ ಬಿಟ್ಟಿತು. ಉಳಿಯುವುದು ಹಿಂದಿನ ಚಕ್ರದ ಹ್ಯಾಂಡ್‌ಬ್ರೇಕ್, ಅದು ಕಾರು ನಿಲ್ಲಿಸಿದ ಮೇಲೆ ಹಿಡಿದುಕೊಳ್ಳುವುದಕ್ಕೆ ಮಾಡಿದ್ದು. ಚಾರ್ಮಾಡಿ ಇಳಿಯುವಾಗ ಹೀಗಾದರೆ ಏನು ಗತಿ?

ಕಂಚಿನ ವಾಷರ್ ಹೊಸದಾಗಿ ಸಿಗುತ್ತದೆ, ದುಬಾರಿಯೂ ಅಲ್ಲ. "ಹಿಂದಿನ ಮಾಲೀಕರು ಬದಲಿಸಿದ್ದಾರಂತೆ" ಅನ್ನುವ ಮಾತನ್ನು ನಂಬಬೇಡಿ. ಆಕ್ಸಲ್ ಎಣ್ಣೆಯನ್ನು ಬಿಳಿ ತಟ್ಟೆಗೆ ಬಸಿದು ನೋಡಿ. ಬೂದು ಬಣ್ಣದ ಚೂರು ಕಂಡರೆ ಅವತ್ತೇ ಬಿಚ್ಚಿ. ಕಾಣದಿದ್ದರೂ ಬಿಚ್ಚಿ.

ಗುಜರಿಯಲ್ಲಿ ಸಿಗುತ್ತಾ? ಶಿವಾಜಿನಗರ, ಜೆಸಿ ರಸ್ತೆ ಸುತ್ತಿದರೆ?

ಮಾಡೆಲ್ ಟಿ ಅಂತ ಕೇಳಿದರೆ ನಗುತ್ತಾರೆ. ಆ ಕಾಲದ ಕಬ್ಬಿಣ ಎಂದೋ ಕರಗಿ ಹೋಗಿದೆ. ಬೆಂಗಳೂರು ಇರಲಿ, ಚೆನ್ನೈನ ಪುದುಪೇಟೆ, ಮುಂಬೈಯ ಚೋರ್ ಬಜಾರ್, ಕೋಲ್ಕತ್ತದ ಮಲ್ಲಿಕ್ ಬಜಾರ್‌ನಲ್ಲೂ ಹುಡುಕುವುದಕ್ಕಿಂತ ಹೆಚ್ಚು ಅಲೆಯುವುದೇ. ಆದರೂ ಹೋಗಿ. ಹಾರ್ನ್, ದೀಪದ ಗಾಜು, ಹಿತ್ತಾಳೆ ಮುಚ್ಚಳ, ಹಳೇ ಸ್ಪ್ಯಾನರ್ ಆಗಾಗ ಸಿಗುತ್ತವೆ. ವರ್ನಿಯರ್ ಮತ್ತು ಅಳತೆ ಬರೆದ ಚೀಟಿ ಜೇಬಿನಲ್ಲಿರಲಿ. ಯಾವ ಕಾರಿಗೆ ಅಂತ ಬಾಯಿ ಬಿಡಬೇಡಿ. "ವಿಂಟೇಜ್" ಅಂದ ಕ್ಷಣ ರೇಟು ಮೂರು ಪಟ್ಟು.

ಗುಜರಿಗಿಂತ ಒಳ್ಳೆ ಜಾಗ ಹಳ್ಳಿಯ ಹಳೇ ಮನೆಗಳ ಅಟ್ಟ. ಎಸ್ಟೇಟ್ ಇದ್ದವರು, ರೈಸ್ ಮಿಲ್ ನಡೆಸಿದವರು ಒಂದು ಕಾರಿಗೆ ಎರಡು ಕಾರಿನ ಸ್ಪೇರ್ ಇಟ್ಟುಕೊಂಡಿರುತ್ತಿದ್ದರು. ಕಾರು ಹೋಗಿ ಐವತ್ತು ವರ್ಷವಾದರೂ ಪೆಟ್ಟಿಗೆ ಅಲ್ಲೇ ಇರುತ್ತದೆ. ಕೇಳುವಾಗ ವ್ಯಾಪಾರದ ಮಾತು ಎತ್ತಬೇಡಿ, ಕಾಫಿ ಕುಡಿದು ಅವರ ಅಜ್ಜನ ಕಥೆ ಕೇಳಿ. ಪೆಟ್ಟಿಗೆ ತಾನಾಗಿ ಕೆಳಗೆ ಬರುತ್ತದೆ.

ಒಂದು ಭಾಗ ಮೂಲದಲ್ಲಿ ಹೇಗಿತ್ತು ಅಂತ ಕಣ್ಣಾರೆ ನೋಡಬೇಕಾದರೆ ಧರ್ಮಸ್ಥಳದ ಕಾರ್ ಮ್ಯೂಸಿಯಂಗೆ ಹೋಗಿ ಬನ್ನಿ. ಹಳೆ ಕಾರುಗಳನ್ನು ಸಾಲಾಗಿ ನೋಡುವ ಅವಕಾಶ ನಮ್ಮ ರಾಜ್ಯದಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಹೊರದೇಶದಿಂದ ತರಿಸುವುದಾದರೆ ಎಲ್ಲಿಂದ?

ಹೊಸದಾಗಿ ತಯಾರಾದ ಭಾಗಕ್ಕೆ ಅಮೆರಿಕ. ಮಾಡೆಲ್ ಟಿ ಬಿಡಿಭಾಗವನ್ನೇ ನಂಬಿ ಬದುಕುವ ಅಂಗಡಿಗಳು ಅಲ್ಲಿವೆ. ಗ್ಯಾಸ್ಕೆಟ್‌ನಿಂದ ಹಿಡಿದು ರೇಡಿಯೇಟರ್ ತನಕ ಹೊಸದೇ ಸಿಗುತ್ತದೆ. ನಿಜ ಹೇಳಬೇಕೆಂದರೆ ನೂರು ವರ್ಷದ ಮಾಡೆಲ್ ಟಿಗೆ ಪಿಸ್ಟನ್ ಹುಡುಕುವುದು ನಲವತ್ತು ವರ್ಷದ ಕೆಲವು ಕಾರಿಗೆ ಹುಡುಕುವುದಕ್ಕಿಂತ ಸುಲಭ. ಅಲ್ಲಿನ ಮಾಡೆಲ್ ಟಿ ಕ್ಲಬ್‌ಗಳ ಸದಸ್ಯರಾಗಿ. ಪ್ರಶ್ನೆ ಕೇಳಿದರೆ ಅಜ್ಜಂದಿರು ಫೋಟೊ ಸಮೇತ ಉತ್ತರಿಸುತ್ತಾರೆ.

ಬಲಗಡೆ ಸ್ಟೀರಿಂಗ್‌ನ ಹಳೇ ಭಾಗಕ್ಕೆ ಮಾತ್ರ ಅಮೆರಿಕ ಬಿಡಿ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಕಡೆ ತಿರುಗಿ. ಅಲ್ಲಿಗೂ ಹೋಗಿದ್ದು ಕೆನಡಾದ ಕಾರೇ ಅಲ್ವಾ? ಆಸ್ಟ್ರೇಲಿಯಾದ ಬೆಂಡಿಗೊದಲ್ಲಿ ಪ್ರತಿ ನವೆಂಬರ್‌ನಲ್ಲಿ ಹಳೆ ಬಿಡಿಭಾಗಗಳ ದೊಡ್ಡ ಸಂತೆ ನಡೆಯುತ್ತದೆ. ಅಮೆರಿಕದಲ್ಲಿ ಅಕ್ಟೋಬರ್‌ನ ಹರ್ಷಿ ಸಂತೆ, ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್‌ನ ಬ್ಯೂಲಿ ಸಂತೆ ಹೆಸರುವಾಸಿ. ಹೋಗಲಾಗದಿದ್ದರೆ ಅಲ್ಲಿರುವ ನಂಟರನ್ನು ಕಳಿಸಿ. ನಮ್ಮ ಚಿಕ್ಕಮ್ಮನ ಮಗ ರಜಕ್ಕೆ ಬರುವಾಗ ಚಾಕಲೇಟ್ ಬದಲು ಬ್ರೇಕ್ ಡ್ರಮ್ ತಂದಿದ್ದ. ಅವನ ಹೆಂಡತಿ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಬಳಸಿದ ಹಳೇ ಭಾಗವನ್ನು ಪಾರ್ಸಲ್ ಹಾಕಿಸುವ ಮುಂಚೆ ಕಸ್ಟಮ್ಸ್ ಏಜೆಂಟ್ ಒಬ್ಬರನ್ನು ಕೇಳಿ. ಸೆಕೆಂಡ್ ಹ್ಯಾಂಡ್ ಸಾಮಾನು ತರಿಸಲು ನಿರ್ಬಂಧಗಳಿವೆ, ಹೊಸ ಭಾಗದಷ್ಟು ಸಲೀಸಲ್ಲ. ಹಣ ಕಳಿಸುವ ಮುಂಚೆ ಒಂದು ಫೋಟೊ ಕೇಳಿ: ಭಾಗದ ಪಕ್ಕದಲ್ಲಿ ಸ್ಕೇಲು, ಅವತ್ತಿನ ತಾರೀಕು ಬರೆದ ಚೀಟಿ. ಕೊಡದವನ ಹತ್ತಿರ ಭಾಗವೇ ಇಲ್ಲ ಅಂತ ತಿಳಿಯಿರಿ.

ಪಾರ್ಟ್ ನಂಬರಿನ ಬಗ್ಗೆ ಒಂದು ಮಾತು. ಫೋರ್ಡ್‌ನಲ್ಲಿ ಕಾರ್ಖಾನೆಯ ನಂಬರ್ ಬೇರೆ, ಅಂಗಡಿಯ ದರಪಟ್ಟಿಯ ನಂಬರ್ ಬೇರೆ. 'ಟಿ' ಅಕ್ಷರದಿಂದ ಶುರುವಾಗುವುದು ಕಾರ್ಖಾನೆಯದು. ಇಬ್ಬರು ಬೇರೆ ಬೇರೆ ನಂಬರ್ ಹೇಳಿದರೂ ಇಬ್ಬರೂ ಸರಿ ಇರಬಹುದು.

ಇಲ್ಲೇ ಹೊಸದಾಗಿ ಮಾಡಿಸಬಹುದಾ?

ಧಾರಾಳವಾಗಿ. ಪಿನ್, ಬುಷ್, ವಾಷರ್, ರಾಡ್‌ಗಳಿಗೆ ಒಳ್ಳೆ ಟರ್ನರ್ ಸಾಕು. ಎರಕದ ಕೆಲಸಕ್ಕೆ ಬೆಳಗಾವಿ, ಶಿವಮೊಗ್ಗದ ಫೌಂಡ್ರಿಗಳಿವೆ. ಒಂದೇ ಒಂದು ಪೀಸ್ ಅಂದರೆ ಅವರು ಮುಖ ನೋಡುವುದಿಲ್ಲ. ನಾಲ್ಕೈದು ಜನ ಮಾಲೀಕರು ಸೇರಿ ಹತ್ತು ಪೀಸ್ ಮಾಡಿಸಿ.

ಹಳೇ ಭಾಗವನ್ನೇ ಅಚ್ಚಾಗಿ ಮರಳಿಗೆ ಒತ್ತಿಸುವವರು ಹುಷಾರು. ಕಬ್ಬಿಣ ತಣ್ಣಗಾಗುವಾಗ ಸುಮಾರು ನೂರಕ್ಕೆ ಒಂದು ಪಾಲು ಕುಗ್ಗುತ್ತದೆ. 300 ಮಿಲಿಮೀಟರ್ ಉದ್ದದ ಭಾಗದಲ್ಲಿ ಮೂರು ಮಿಲಿಮೀಟರ್ ಹೋಯಿತು. ಬೋಲ್ಟ್ ತೂತು ಒಂದೂ ಕೂರುವುದಿಲ್ಲ. ಹಳೆಯದು ಸವೆದಿದ್ದರೆ ಆ ಸವಕಳಿಯೂ ಹೊಸದರಲ್ಲಿ ಅಚ್ಚಾಗುತ್ತದೆ. ಅಚ್ಚು ಮಾಡುವವರ ಹತ್ತಿರ ಕುಗ್ಗುವ ಲೆಕ್ಕ ಸೇರಿಸಿ ಮರದ ಮಾದರಿ ಮಾಡಿಸಿ. ಸ್ಟೀರಿಂಗ್, ಆಕ್ಸಲ್, ಸ್ಪಿಂಡಲ್ ಮಾತ್ರ ಎರಕ ಹೊಯ್ಸಬೇಡಿ. ಫೋರ್ಡ್ ಅವುಗಳಿಗೆ ವನೇಡಿಯಂ ಉಕ್ಕು ಬಳಸಿದ್ದು ಸುಮ್ನೆ ಅಲ್ಲ.

ಬಾಡಿಯ ಮರಕ್ಕೆ ನಮ್ಮ ತೇಗ ಚೆನ್ನಾಗಿ ಒಗ್ಗುತ್ತದೆ. ಚಕ್ರದ ಕಡ್ಡಿ ಬೇರೆ ವಿಷಯ. ಅದು ಹಿಕರಿ ಮರ, ಬಳುಕುತ್ತದೆ, ಮುರಿಯುವುದಿಲ್ಲ. ತೇಗದಲ್ಲಿ ಕಡ್ಡಿ ಮಾಡಿಸಿದ ಚಕ್ರ ನೋಡಿದ್ದೇನೆ. ನೋಡಲು ಚೆಂದ, ಕೂರಲು ಧೈರ್ಯ ಬರಲಿಲ್ಲ.

ಕಾಯಿಲ್ ಕೆಲಸ ಮಾಡುತ್ತಿಲ್ಲ. ನಾಲ್ಕೂ ಹೊಸದು ಬೇಕಾ?

ಬೇಕಿಲ್ಲ. ಮರದ ಪೆಟ್ಟಿಗೆಯೊಳಗೆ ತಂತಿ ಸುತ್ತು ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಸಾಯುವುದು ಕಾಗದದ ಹಳೇ ಕೆಪಾಸಿಟರ್. ಪಕ್ಕದ ಹಲಗೆ ಜಾರಿಸಿ, ಡಾಂಬರನ್ನು ನಿಧಾನವಾಗಿ ಕೆರೆದು ತೆಗೆದು, 0.47 ಮೈಕ್ರೋಫ್ಯಾರಡ್‌ನ, 400 ವೋಲ್ಟ್ ಅಥವಾ ಹೆಚ್ಚು ತಡೆಯುವ ಫಿಲ್ಮ್ ಕೆಪಾಸಿಟರ್ ಬೆಸೆಯಿರಿ. ಬೆಂಗಳೂರಿನವರಿಗೆ ಎಸ್‌ಪಿ ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಮೇಲಿನ ಪಾಯಿಂಟ್‌ಗಳನ್ನು ಹೊಸದು ಹಾಕಿ, 6 ವೋಲ್ಟ್‌ನಲ್ಲಿ 1.3 ಆಂಪಿಯರ್ ಎಳೆಯುವ ಹಾಗೆ ಹೊಂದಿಸಿ. ನಾಲ್ಕೂ ಒಂದೇ ಸಮ ಗುಂಯ್‌ಗುಡಬೇಕು. ಒಂದು ಜೇನುನೊಣ, ಒಂದು ಕಣಜ ಆಗಬಾರದು.

1914ರಿಂದೀಚೆಗೆ ಕಾಯಿಲ್ ಒಂದೇ ಅಳತೆಗೆ ಬಂತು. ಅದಕ್ಕೂ ಹಿಂದೆ ನಾಲ್ಕೈದು ಕಂಪನಿಗಳು ತಮ್ಮ ತಮ್ಮ ಅಳತೆಯಲ್ಲಿ ಮಾಡುತ್ತಿದ್ದವು. ಅವುಗಳ ಪೆಟ್ಟಿಗೆ, ಕಾಯಿಲ್ ಎರಡೂ ಒಂದೇ ಕಂಪನಿಯದಾಗಿರಬೇಕು.

ಟೈರ್ ಮೇಲೆ 30 ಅಂತಿದೆ, 30ರದ್ದೇ ತರಿಸಿದೆ, ಕೂರಲ್ಲ.

30 ಅಂದರೆ ಹೊರಗಿನ ಎತ್ತರ, ಇಂಚಿನಲ್ಲಿ. ರಿಮ್ ಅಳತೆ ಅಲ್ಲ. 30×3 ಟೈರ್‌ಗೆ ಎರಡೂ ಕಡೆ ಮೂರು ಮೂರು ಇಂಚು ಕಳೆಯಿರಿ, ರಿಮ್ 24 ಇಂಚು. 30×3½ ಟೈರ್‌ಗೆ ಏಳು ಕಳೆದರೆ ರಿಮ್ 23 ಇಂಚು. ಅಮೆರಿಕದ ಹಳೇ ಕಾರುಗಳಲ್ಲಿ ಮುಂದೆ 30×3, ಹಿಂದೆ 30×3½. ಎರಡೂ ಹೊಸದು ಸಿಗುತ್ತವೆ. ಕೊನೆಯ ವರ್ಷಗಳ ಕಾರಿಗೆ 21 ಇಂಚಿನ ಬಲೂನ್ ಟೈರ್. ಹಳೇ ಕ್ಲಿಂಚರ್ ಟೈರನ್ನು ರಿಮ್ಮಿಗೆ ಕಚ್ಚಿಸಿಡುವುದೇ ಒಳಗಿನ ಗಾಳಿ. 55ರಿಂದ 60 ಪೌಂಡ್ ಇರಲಿ. ಪಂಕ್ಚರ್ ಅಂಗಡಿ ಹುಡುಗ "ಜಾಸ್ತಿ ಆಯ್ತು ಸಾರ್" ಅಂತ ಮೂವತ್ತಕ್ಕೆ ಇಳಿಸಲು ಬಿಡಬೇಡಿ.

ಕಾರ್ಬ್ಯುರೇಟರ್ ಹೊಸ ಪೆಟ್ರೋಲಿಗೆ ಒಗ್ಗುತ್ತಾ?

ಹಾಲಿ, ಕಿಂಗ್‌ಸ್ಟನ್ ಯಾವುದೇ ಇರಲಿ, ಒಳಗಿನ ತೇಲುವ ಬೆಂಡು ನೋಡಿ. ಹಳೆಯದು ಕಾರ್ಕ್, ಮೇಲೆ ಅರಗಿನ ಲೇಪ. ಮರಕ್ಕೆ ಪಾಲಿಶ್ ಹಚ್ಚುವವರು ಅರಗನ್ನು ಸ್ಪಿರಿಟ್‌ನಲ್ಲೇ ಕರಗಿಸುವುದು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥೆನಾಲ್. ಲೇಪ ಕರಗಿ, ಕಾರ್ಕ್ ಪೆಟ್ರೋಲ್ ಕುಡಿದು ಮುಳುಗುತ್ತದೆ, ಪೆಟ್ರೋಲ್ ನೆಲಕ್ಕೆ ಸುರಿಯುತ್ತದೆ. ಹಿತ್ತಾಳೆಯ ಫ್ಲೋಟ್ ಹಾಕಿ.

ಬಣ್ಣ ಕಪ್ಪೇ ಆಗಬೇಕಾ?

1914ರಿಂದ 1925ರ ನಡುವಿನ ಕಾರಾದರೆ ಕಪ್ಪು. ಅದಕ್ಕೆ ಮುಂಚೆಯೂ ಆಮೇಲೂ ಬೇರೆ ಬಣ್ಣ ಇತ್ತು.

ನನ್ನದು ಫೋರ್ಡ್ ಅಲ್ಲ. ಕಂಪನಿ ಮುಚ್ಚಿ ಎಂಬತ್ತು ವರ್ಷವಾಯಿತು.

ಕಷ್ಟ, ಆದರೆ ದಾರಿ ಇದೆ. ಆಗಿನ ಸಣ್ಣ ಕಂಪನಿಗಳು ಬಹಳಷ್ಟು ಭಾಗವನ್ನು ಹೊರಗಿನಿಂದಲೇ ಕೊಳ್ಳುತ್ತಿದ್ದವು. ಮ್ಯಾಗ್ನೆಟೊ (ಕಿಡಿಗೆ ವಿದ್ಯುತ್ ಹುಟ್ಟಿಸುವ ಯಂತ್ರ) ಬಾಷ್‌ನದು, ಕಾರ್ಬ್ಯುರೇಟರ್ ಜೆನಿತ್‌ನದು, ಬೇರಿಂಗ್ ಟಿಮ್ಕೆನ್ ಅಥವಾ ಎಸ್‌ಕೆಎಫ್ ಇರಬಹುದು. ಕಾರಿನ ಹೆಸರು ಮರೆತು ಭಾಗದ ಮೇಲಿನ ಹೆಸರು ಹಿಡಿದು ಹುಡುಕಿ. ಬೇರಿಂಗ್‌ಗೆ ಒಳಗಿನ ಅಳತೆ, ಹೊರಗಿನ ಅಳತೆ, ದಪ್ಪ, ಈ ಮೂರು ಸಾಕು. ಮ್ಯಾಗ್ನೆಟೊಗೆ ತಿರುಗುವ ದಿಕ್ಕು ಮತ್ತು ತಳದಿಂದ ಶಾಫ್ಟ್‌ನ ಎತ್ತರ ತಪ್ಪಬಾರದು.

ಹಳೇ ಮಾರಿಸ್ ಇಟ್ಟುಕೊಂಡವರಿಗೆ ಒಂದು ಕಿವಿಮಾತು. ಇಂಗ್ಲಿಷ್ ಕಾರು ಅಂತ ವಿಟ್ವರ್ತ್ ಟ್ಯಾಪ್ ಹಾಕಿಬಿಡಬೇಡಿ. ಆ ಎಂಜಿನ್‌ಗಳ ಬೋಲ್ಟ್ ತಲೆ ವಿಟ್ವರ್ತ್ ಸ್ಪ್ಯಾನರ್‌ಗೆ ಕೂರುತ್ತದೆ, ಥ್ರೆಡ್ ಮಾತ್ರ ಮೀಟರ್ ಲೆಕ್ಕದ್ದು. ಫ್ರೆಂಚ್ ಯಂತ್ರಗಳ ಮೇಲೆ ಎಂಜಿನ್ ತಯಾರಾಗಿದ್ದರ ಫಲ.

ಭಾಗ ಬದಲಿಸಿದರೆ ವಿಂಟೇಜ್ ರಿಜಿಸ್ಟ್ರೇಷನ್‌ಗೆ ತೊಂದರೆಯಾ?

2021ರ ಕೇಂದ್ರದ ನಿಯಮದ ಪ್ರಕಾರ ಕಾರಿಗೆ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000. ನಂಬರಿನ ನಡುವೆ 'ವಿಎ' ಬರುತ್ತದೆ. ಬ್ಯಾಂಡ್, ವಾಷರ್, ಪಿಸ್ಟನ್ ಬದಲಿಸಿದರೆ ಅದು ರಿಪೇರಿ. ಮಾರುತಿ ಎಂಜಿನ್ ಕೂರಿಸಿದರೆ ಅದು ಬೇರೆ ಕಾರು. ಇಂಥದ್ದನ್ನು ಮಾಡಿ "ಸ್ಮೂತ್ ಆಗಿದೆ" ಅಂತ ತೋರಿಸಲು ಬರುವವರಿಗೆ ನಾನು ಕಾಫಿ ಕೊಟ್ಟು ಕಳಿಸುತ್ತೇನೆ.

ಬಿಚ್ಚಿದ ಹಳೇ ಭಾಗ ಏನು ಮಾಡಲಿ?

ಮುರಿದಿದ್ದರೂ ಎಸೆಯಬೇಡಿ. ಸವೆದ ಬುಷ್ ಮುಂದೆ ಅಳತೆಗೆ ಬೇಕಾಗುತ್ತದೆ, ತುಂಡಾದ ಬ್ರ್ಯಾಕೆಟ್ ಅಚ್ಚಿಗೆ ಬೇಕಾಗುತ್ತದೆ. ಹಳೇ ಬ್ರೇಕ್ ಲೈನಿಂಗ್ ಮತ್ತು ತಾಮ್ರದ ಹೆಡ್ ಗ್ಯಾಸ್ಕೆಟ್ ಮಾತ್ರ ಬೇರೆ. ಅವುಗಳಲ್ಲಿ ಕಲ್ನಾರು ಇರಬಹುದು. ಗಾಳಿ ಊದಿ ಧೂಳು ಎಬ್ಬಿಸಬೇಡಿ, ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ.

ಮಿಕ್ಕಿದ್ದನ್ನೆಲ್ಲ ಎಣ್ಣೆ ಸವರಿ ಡಬ್ಬಕ್ಕೆ ಹಾಕಿ, ಮೇಲೆ ಚೀಟಿ ಅಂಟಿಸಿ: ಎಲ್ಲಿಂದ ಬಿಚ್ಚಿದ್ದು, ಎಡವೋ ಬಲವೋ, ಎಂದು. ನಮ್ಮ ಶೆಡ್ಡಿನಲ್ಲಿ ಹಾರ್ಲಿಕ್ಸ್ ಬಾಟಲಿಗಳ ಎರಡು ಸಾಲು ಇದೆ. ಎರಡು ತುಂಡಾದ ಆ ಬ್ರ್ಯಾಕೆಟ್ಟೂ ಅಲ್ಲೇ ಇದೆ. ಹೋದ ವರ್ಷ ಹಾಸನದ ಕಡೆಯವರೊಬ್ಬರು ಅದನ್ನೇ ಒಯ್ದು, ಎರಡು ತುಂಡು ಜೋಡಿಸಿ ಅಳತೆ ತೆಗೆದು, ತಮ್ಮ ಕಾರಿಗೆ ಹೊಸದು ಮಾಡಿಸಿಕೊಂಡರು. ನನಗೂ ಒಂದು ಕೊಟ್ಟು ಹೋದರು.